ಅಳತೆಗೋಲು ಯಾರ ಕೈಯಲ್ಲಿದೆ?

ಕಾಳುಮೆಣಸಿಗಿಂತ ಚಿಕ್ಕದೊಂದು ಲೋಹದ ಬಿಲ್ಲೆ. ಉದ್ದಗಲ ಮೂರು ಮಿಲಿಮೀಟರ್, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಉಷ್ಣತೆ, ತೇವಾಂಶ, ವಾಯುಭಾರ, ಗಾಳಿಯಲ್ಲಿನ ಅನಿಲ, ಈ ನಾಲ್ಕನ್ನೂ ತಾನೊಂದೇ ಅಳೆಯುತ್ತದೆ. ಬಾಷ್ ಕಂಪನಿಯ ಬಿಎಂಇ680 ಎಂಬ ಈ ಸಂವೇದಕವು ಮೊಬೈಲ್ ಫೋನು, ಕೈಗಡಿಯಾರ, ಮನೆಬಳಕೆಯ ಉಪಕರಣಗಳಿಗೆಂದೇ ರೂಪುಗೊಂಡಿದೆ. ಇನ್ನು ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಹವಾಮಾನ ಕೇಂದ್ರವಿರುತ್ತದೆ, ಪರಿಸರ ಕಾಯಲು ಬೇರೇನೂ ಬೇಡ ಎಂಬ ಭ್ರಮೆ ಇಂಥ ಸಾಧನಗಳ ಜೊತೆಗೇ ಹಬ್ಬುತ್ತಿದೆ. ಈ ಮಾತನ್ನು ಮಲೆನಾಡಿಗರಾದ ನಾವು ಪರೀಕ್ಷಿಸದೆ ಒಪ್ಪಲಾಗದು.

ಮೊದಲಿಗೆ ಅಳತೆಯ ಸತ್ಯಾಸತ್ಯತೆ. 2013ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್4 ಫೋನಿನಲ್ಲಿ ಉಷ್ಣತೆ ಮತ್ತು ತೇವಾಂಶದ ಸಂವೇದಕವನ್ನು ಅಳವಡಿಸಿತು. ಮರುವರ್ಷದ ಎಸ್5 ಮಾದರಿಯಲ್ಲಿ ಅದು ಇರಲಿಲ್ಲ. ಫೋನಿನೊಳಗಿನ ಬ್ಯಾಟರಿಯ ಕಾವು, ಹಿಡಿದ ಕೈಯ ಕಾವು, ಇವುಗಳ ನಡುವೆ ಸಿಕ್ಕ ಸಂವೇದಕ ಹೊರಗಿನ ಗಾಳಿಯನ್ನು ಅಳೆಯುವುದಾದರೂ ಹೇಗೆ? ವಾಯುಭಾರದ ಕಥೆಯನ್ನು ನೋಡಿ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದರೆ ಸುಮಾರು ಐನೂರು ಮೀಟರ್ ಏರಿದಂತಾಗುತ್ತದೆ. ಅಷ್ಟರಲ್ಲಿ ವಾಯುಭಾರ 50 ಹೆಕ್ಟೋಪಾಸ್ಕಲ್‌ಗೂ ಹೆಚ್ಚು ಇಳಿದಿರುತ್ತದೆ. ನಿಂತ ನೆಲದ ಎತ್ತರ ನಿಖರವಾಗಿ ತಿಳಿಯದಿದ್ದರೆ ಬಸ್ಸಿನ ಪ್ರಯಾಣವೂ ಚಂಡಮಾರುತದಂತೆ ಕಂಡೀತು.

ಅನಿಲದ ಅಳತೆಯಂತೂ ಇನ್ನೂ ಗೊಂದಲದ್ದು. ಬಿಸಿಯಾದ ಲೋಹದ ಆಕ್ಸೈಡ್ ಪದರಕ್ಕೆ ಅನಿಲ ತಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಸಂವೇದಕಕ್ಕೆ ತಿಳಿಯುವುದು ಇಷ್ಟೇ. ಅಡಿಕೆ ಬೇಯಿಸುವ ಒಲೆಯ ಹೊಗೆಯೋ, ಬಣ್ಣದ ವಾಸನೆಯೋ ಎಂದು ಅದು ತಾನಾಗಿ ಬಿಡಿಸಿ ಹೇಳಲಾರದು. ಕಂಪನಿಯ ತಂತ್ರಾಂಶವು ಈ ಬದಲಾವಣೆಯನ್ನು ಸೊನ್ನೆಯಿಂದ 500ರವರೆಗಿನ ಒಂದು ಅಂಕಿಯಾಗಿಸುತ್ತದೆ. ಆ ಲೆಕ್ಕದ ಒಳಗುಟ್ಟು ಬಹಿರಂಗವಾಗಿಲ್ಲ. ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕವೂ ಸೊನ್ನೆಯಿಂದ 500ರವರೆಗಿನದೇ. ಆದರೆ ಅದು ಸೂಕ್ಷ್ಮ ದೂಳೂ ಸೇರಿದಂತೆ ಎಂಟು ಮಾಲಿನ್ಯಕಾರಕಗಳನ್ನು ಆಧರಿಸಿದ್ದು. ಬಿಲ್ಲೆಯ ಸಂವೇದಕ ದೂಳನ್ನು ಅಳೆಯುವುದೇ ಇಲ್ಲ. ನಾಳೆ ಕ್ವಾರಿಯ ಮಾಲೀಕನೊಬ್ಬ ಇಂಥ ಯಂತ್ರದ ಹಸಿರು ದೀಪ ತೋರಿಸಿ, ಇಲ್ಲಿ ಗಾಳಿ ಶುದ್ಧವಾಗಿದೆ ಎಂದರೆ, ದೂಳು ಕುಡಿಯುವ ಊರು ಯಾರನ್ನು ಪ್ರಶ್ನಿಸಬೇಕು?

ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಈ ನಾಲ್ಕು ಅಳತೆಗಳಲ್ಲಿ ಮಳೆ ಇಲ್ಲ, ಮಣ್ಣಿನ ತೇವವೂ ಇಲ್ಲ. ನಮ್ಮ ಗುಡ್ಡಗಳನ್ನು ಕುಸಿಯುವಂತೆ ಮಾಡುವುದು ಮಳೆ ಮತ್ತು ಕಡಿದ ಇಳಿಜಾರು. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲೆಯ ಶಿರೂರು, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಇದನ್ನೇ ಸಾರಿವೆ. ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸ್ಥಳೀಯ ಸಂಸ್ಥೆ ಮಳೆಮಾಪಕಗಳ ಜಾಲವೊಂದನ್ನು ನಡೆಸುತ್ತಿತ್ತು. ಸಮೀಪದ ಪುತ್ತುಮಲದಲ್ಲಿ 48 ಗಂಟೆಗಳಲ್ಲಿ 570 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಯಿತು. ಅನಾಹುತಕ್ಕೆ ಮುನ್ನವೇ ಸಂಸ್ಥೆ ಜಿಲ್ಲಾಡಳಿತವನ್ನು ಎಚ್ಚರಿಸಿತ್ತು. ಅಳತೆಯೂ ಇತ್ತು, ಎಚ್ಚರಿಕೆಯೂ ಇತ್ತು. ಆದರೂ ನೂರಾರು ಜನ ಮಣ್ಣುಪಾಲಾದರು. ಈ ಕೊರತೆಯನ್ನು ಯಾವ ಬಿಲ್ಲೆ ತುಂಬೀತು?

ಎರಡನೆಯದು ಒಡೆತನದ ಪ್ರಶ್ನೆ. ಲಕ್ಷಾಂತರ ಫೋನುಗಳ ವಾಯುಭಾರದ ಅಳತೆಯನ್ನು ಒಟ್ಟುಗೂಡಿಸಿದರೆ ಮುನ್ಸೂಚನೆ ಸುಧಾರಿಸೀತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 2019ರಲ್ಲಿ ಐಬಿಎಂ ತನ್ನ ಹವಾಮಾನ ವ್ಯವಸ್ಥೆಗೆ ಇಂಥ ಅಳತೆಗಳನ್ನು ಬಳಸುವುದಾಗಿ ಪ್ರಕಟಿಸಿತು. ಅದೇ ವರ್ಷ ಅಮೆರಿಕದ ಲಾಸ್ ಏಂಜಲೀಸ್ ನಗರದ ಸರ್ಕಾರಿ ವಕೀಲರು, ಇದೇ ಕಂಪನಿಯ ಅಧೀನದಲ್ಲಿದ್ದ ಹವಾಮಾನ ಆ್ಯಪ್ ಬಳಕೆದಾರರ ಓಡಾಟದ ವಿವರವನ್ನು ವ್ಯಾಪಾರಕ್ಕೆ ಬಳಸುತ್ತಿದೆ ಎಂದು ಆರೋಪಿಸಿ ದಾವೆ ಹೂಡಿದರು. 2020ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. 2024ರಲ್ಲಿ ಆ ಹವಾಮಾನ ವ್ಯವಹಾರವೇ ಬೇರೊಂದು ಹೂಡಿಕೆ ಸಂಸ್ಥೆಯ ಪಾಲಾಯಿತು. ನಮ್ಮ ಬೆಟ್ಟದ ಗಾಳಿಯ ಲೆಕ್ಕ ಹೀಗೆ ಕೈಯಿಂದ ಕೈಗೆ ಮಾರಾಟವಾಗಬೇಕೆ?

ಅಳತೆ ಎಂದೂ ನಿಷ್ಪಕ್ಷಪಾತಿಯಲ್ಲ. ಕುದುರೆಮುಖದ ಹೋರಾಟದಲ್ಲಿ ಭದ್ರೆಗೆ ಸೇರುತ್ತಿದ್ದ ಹೂಳು ಎಷ್ಟು ಎಂಬುದೇ ದೊಡ್ಡ ವಿವಾದವಾಗಿತ್ತು. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಅಂಕಿ ಅಂಶ ಗಣಿಯವರ ಬಳಿ ಮಾತ್ರ ಇದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸಿ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಮಳೆಮಾಪಕಗಳ ಅಂಕಿಯನ್ನು ಮಳೆಗಾಲದ ಪ್ರತಿ ಮುಂಜಾನೆ ಪಂಚಾಯಿತಿ ಕಚೇರಿಯ ಹಲಗೆಯ ಮೇಲೆ ಬರೆಯಲಿ. ಎಷ್ಟು ಮಳೆಗೆ ಯಾವ ಇಳಿಜಾರಿನ ಮನೆಗಳನ್ನು ತೆರವುಗೊಳಿಸಬೇಕೆಂದು ಗ್ರಾಮಸಭೆಯಲ್ಲಿ ಮುಂಚಿತವಾಗಿ ನಿರ್ಧಾರವಾಗಲಿ. ಸಂವೇದಕ ಮಾರುವವರು ತಮ್ಮ ಅಂಕಿ ಹುಟ್ಟುವ ಬಗೆಯನ್ನು ಬಹಿರಂಗಪಡಿಸಲಿ, ನಮ್ಮ ಒಪ್ಪಿಗೆಯಿಲ್ಲದೆ ಅದನ್ನು ಒಯ್ಯದಿರಲಿ.

ವಿದ್ಯಾರ್ಥಿ ಮಿತ್ರರೆ, ನೀವು ಕಾಯಬೇಕಿಲ್ಲ. ನೇರ ಗೋಡೆಯ, ಸಮತಳದ ಒಂದು ಪಾತ್ರೆಯನ್ನು ಬಯಲಲ್ಲಿಡಿ. ದಿನವೂ ಅದೇ ಹೊತ್ತಿಗೆ ಅಳತೆಪಟ್ಟಿಯಿಂದ ನೀರನ್ನು ಅಳೆದು ಬರೆದಿಡಿ. ಕೊಡಗಿನ ತೋಟಗಳಲ್ಲಿ ಹಿರಿಯರು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಮಳೆ ಪುಸ್ತಕಗಳನ್ನು ಹುಡುಕಿ ನಕಲು ಮಾಡಿ. ಗುಡ್ಡ ಜಾರುವಾಗ ಅದರಡಿ ಮಲಗಿರುವವರು ನಾವು. ಅದರ ಲೆಕ್ಕವೂ ನಮ್ಮ ಕೈಯಲ್ಲೇ ಇರಬೇಕು.