ಅರ್ಧ ಉಸಿರಿನ ಎತ್ತರ

ಮಕ್ಕಳೇ, ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿದ್ದೀರಾ? ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂಥ ಕೋಟೆ. ಸಮುದ್ರಮಟ್ಟದಿಂದ 988 ಮೀಟರ್ ಎತ್ತರದಲ್ಲಿದೆ. ನನ್ನ ಮೊಮ್ಮಗಳು ಲಡಾಖಿನ ಸ್ಟೋಕ್ ಕಾಂಗ್ರಿ ಶಿಖರಕ್ಕೆ ಹೊರಟಾಗ, ಬೆನ್ನಿಗೆ 10 ಕೆ.ಜಿ. ಅಕ್ಕಿ ಹೊತ್ತು ಎರಡು ತಿಂಗಳು ಇದೇ ಕೋಟೆಯ ಮೆಟ್ಟಿಲು ಹತ್ತಿ ಇಳಿದಳು. ನೋಡಿದವರು, ಪಾಪ, ರೇಷನ್ ತರುತ್ತಿದ್ದಾಳೆ ಅಂದುಕೊಂಡರು!

ಸ್ಟೋಕ್ ಕಾಂಗ್ರಿ 6,153 ಮೀಟರ್. ಕೋಟೆಯ ಎತ್ತರವನ್ನು ಆರರಿಂದ ಗುಣಿಸಿದರೂ ಇನ್ನೂ 225 ಮೀಟರ್ ಬಾಕಿ. (ಬ್ಯಾಂಕಿನಲ್ಲಿ ಕೂಡಿ ಕಳೆದವನಿಗೆ ಈ ಚಟ ಬಿಡದು.) ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ದಂಡೆಯಲ್ಲಿ ಸಿಗುವುದರ ಸುಮಾರು ಅರ್ಧ. ಕಾಲು ಎಷ್ಟೇ ಗಟ್ಟಿಯಿರಲಿ, ದೇಹ ಇದಕ್ಕೆ ಒಗ್ಗಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೇರಬಾರದು ಎನ್ನುತ್ತಾರೆ ವೈದ್ಯರು. ವಿಮಾನದಲ್ಲಿ ಲೇಹ್‌ಗೆ ಹೋದರೆ ಒಂದೇ ಏಟಿಗೆ 3,500 ಮೀಟರ್. ಹಾಗಾಗಿ ಮೊದಲೆರಡು ದಿನ ಸುಮ್ಮನೆ ಕೂತಿರಬೇಕು. ನಮ್ಮ ಹುಡುಗಿಗೆ ಬಲು ಕಷ್ಟವಾದದ್ದು ಅದೇ.

2019ರ ಜುಲೈ. ಶಿಖರಕ್ಕೆ ಹೊರಡುವುದು ನಡುರಾತ್ರಿ, ಹಿಮ ಗಟ್ಟಿಯಾಗಿರುವಾಗ. ಬಿಸಿಲೇರಿದರೆ ಮೆತ್ತಗಾಗಿ ಕಾಲು ಹೂತುಹೋಗುತ್ತದೆ. ಬೂಟಿನಡಿ ಉಕ್ಕಿನ ಹಲ್ಲುಗಳ ಕ್ರ್ಯಾಂಪಾನ್, ಸೊಂಟಕ್ಕೆ ಹಗ್ಗ. ಬೆಳಗಿನ ಜಾವ ತುದಿ ಕಾಣುತ್ತಿದ್ದಾಗ, ಅವಳ ಟೆಂಟಿನ ಗೆಳತಿ ಅಮಲೇರಿದವರಂತೆ ವಾಲತೊಡಗಿದಳು. ಕೇಳಿದರೆ, "ನನಗೇನೂ ಆಗಿಲ್ಲ" ಎಂದಳು. ಗೈಡ್ ಸಮತಟ್ಟಾದ ಕಡೆ ಕ್ರ್ಯಾಂಪಾನ್ ಬಿಚ್ಚಿಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ನಡೆ ಎಂದ. ನಾಲ್ಕು ಹೆಜ್ಜೆ ಆಗಲಿಲ್ಲ. ಮೆದುಳಿನಲ್ಲಿ ಊತ ಶುರುವಾದರೆ ಹೀಗಾಗುತ್ತದೆ. ಔಷಧವೇನೋ ಉಂಟು, ಆದರೆ ತಡಮಾಡದೆ ಕೆಳಗಿಳಿಸುವುದೇ ದೊಡ್ಡ ಚಿಕಿತ್ಸೆ.

ಒಬ್ಬ ಗೈಡ್ ಅವಳನ್ನು ಇಳಿಸಲು ನಿಂತ. ಮಿಕ್ಕವರು ಮುಂದೆ ಹೋಗಬಹುದಿತ್ತು. ಆ ಹುಡುಗಿಗೆ ಕನ್ನಡ ಬಿಟ್ಟು ಬೇರೆ ಮಾತು ಸರಿಯಾಗಿ ಬಾರದು, ಹಿಡಿದ ಕೈ ಬಿಡಲೊಲ್ಲಳು. ನಮ್ಮವಳೂ ಜೊತೆಗೇ ಇಳಿದಳು. ಸ್ಟೋಕ್ ಹಳ್ಳಿ ಮುಟ್ಟುವ ಹೊತ್ತಿಗೆ ಗೆಳತಿ ಸುಧಾರಿಸಿಕೊಂಡು, "ಹಸಿವು" ಅಂದಳಂತೆ.

"ಬೇಜಾರಾಯ್ತೇನಮ್ಮ?" ಫೋನಿನಲ್ಲಿ ಕೇಳಿದೆ.

"ಆಗದೆ ಇರುತ್ತಾ ತಾತ? ರಾತ್ರಿಯೆಲ್ಲ ಅತ್ತೆ. ಮುಂದಿನ ವರ್ಷ ಹೋಗ್ತೀನಿ ಬಿಡು."

ಆ ಮುಂದಿನ ವರ್ಷ, 2020ರಲ್ಲಿ, ಸ್ಟೋಕ್ ಕಾಂಗ್ರಿಯನ್ನು ಚಾರಣಿಗರಿಗೆ ಮುಚ್ಚಿದರು. ಜನಜಂಗುಳಿಯಿಂದ ಹಳ್ಳಿಗೆ ನೀರು ಕೊಡುವ ಹಿಮನದಿ ಕೆಡುತ್ತಿದೆ ಎಂಬುದು ಊರವರ ಸಂಕಟ. ಹೇಮಾವತಿ ನೀರು ಕುಡಿದು ಬೆಳೆದ ನಾವು ಅದನ್ನು ತಪ್ಪೆನ್ನಲು ಬಾಯಿ ಬಾರದು.

ಈಗ ಮೊಮ್ಮಗಳ ಮೇಜಿನ ಮೇಲೆ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಶಿಖರದ ನಕ್ಷೆಯಿದೆ, 5,289 ಮೀಟರ್. ಇಬ್ಬರೂ ಹೋಗುತ್ತಾರಂತೆ.