ಊರು ಸುಡೋ ಪಾತ್ರ ನಮಗ್ಯಾಕೆ?



ಹೋದ ಭಾನುವಾರ ಆರ್.ಟಿ. ನಗರದ ನಮ್ಮ ರೂಮಲ್ಲಿ ನಾಲ್ಕೈದು ಜನ ಸೇರಿದ್ವಿ. ಮಾತಿನ ಮಧ್ಯೆ ನಾನು ಒಂದು ಆನ್‌ಲೈನ್ ಗೇಮಿನ ಕಥೆ ಎತ್ತಿದೆ. ಹಿರಿಯ ಸಂಗಾತಿಯೊಬ್ಬರು ನಕ್ಕುಬಿಟ್ರು. "ಅಲ್ಲಯ್ಯಾ, ನಮ್ಮ ಜನ ಮ್ಯಾನ್‌ಹೋಲ್‌ಗೆ ಇಳಿದು ಸಾಯ್ತಿದ್ದಾರೆ, ನಿನಗೆ ಗೇಮಿನ ಚಿಂತೆಯಾ?" ಅವರ ಸಿಟ್ಟು ನ್ಯಾಯವಾದದ್ದೇ. ನಗು ಮಾತ್ರ ಸರಿಯಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ನನ್ನ ಅಕ್ಕನ ಮಗ 2018ರಲ್ಲಿ ಡಿಗ್ರಿ ಓದ್ತಾ ನನ್ನ ಜೊತೆಗಿದ್ದ. ರಾತ್ರಿ ಹೊತ್ತು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡ್ತಿದ್ದ. 2004ರಿಂದ ನಡೀತಿರೋ ಆಟ ಅದು. ಅಲಯನ್ಸ್, ಹೋರ್ಡ್ ಅಂತ ಎರಡು ಬಣ. ಬಹಳ ಜನ ಹೊಡೆದಾಟಕ್ಕೆ ಆಡ್ತಾರೆ. ಕೆಲವರು ರೋಲ್‌ಪ್ಲೇ ಮಾಡ್ತಾರೆ, ಅಂದ್ರೆ ತಮ್ಮ ಪಾತ್ರಕ್ಕೆ ಹುಟ್ಟೂರು, ಹೆತ್ತವರು, ಕಸುಬು, ನೋವು ಎಲ್ಲಾ ಕಟ್ಟಿಕೊಂಡು ಆ ಪಾತ್ರವಾಗಿಯೇ ಮಾತಾಡ್ತಾರೆ. ಅವರಿಗೆ ಬೇರೆ ಸರ್ವರ್‌ಗಳೇ ಇವೆ. ಪಾತ್ರದ ಜೀವನಚರಿತ್ರೆ ಬರೆದಿಡೋಕೆ 'ಟೋಟಲ್ ಆರ್‌ಪಿ' ಅನ್ನೋ ಆಡ್‌ಆನ್ ಇದೆ. ಎದುರಿಗೆ ಸಿಕ್ಕವರು ಅದನ್ನ ಓದಬಹುದು.

ಅವನ ಪಾತ್ರ ಒಬ್ಬ ಆರ್ಕ್. ಆ ಲೋಕದಲ್ಲಿ ಆರ್ಕ್‌ಗಳು ಯುದ್ಧ ಸೋತು ಕ್ಯಾಂಪುಗಳಲ್ಲಿ ಕೈದಿಗಳಾಗಿದ್ದವರು. ಗುಲಾಮನಾಗಿ ಬೆಳೆದ ಥ್ರಾಲ್ ಅನ್ನೋನು ಅವರನ್ನ ಬಿಡಿಸಿ, ಸಮುದ್ರ ದಾಟಿಸಿ, ಹೊಸ ನೆಲದಲ್ಲಿ ಊರು ಕಟ್ಟಿಸ್ತಾನೆ. ಈ ಹುಡುಗ ಆರ್ಕ್ ಆಗಿದ್ದು ಅದೊಂದೇ ಕಾರಣಕ್ಕೆ. ಆರಿಸಿಕೊಂಡ ಕಸುಬು ಲೆದರ್‌ವರ್ಕಿಂಗ್, ಚರ್ಮದ ಕೆಲಸ. ನಮ್ಮ ತಾತ ಮೆಟ್ಟು ಹೊಲೀತಿದ್ದವರು. ಇಲ್ಲಿ ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?" ಅಂತ ಕೇಳಿದ ಓನರ್‌ಗಳ ಮುಂದೆ ನಾವು ಹೇಳೋಕೆ ಹಿಂಜರಿದ ಕಸುಬು ಅದು. "ಅಲ್ಲಿ ಎಲ್ರೂ ನನ್ನನ್ನ ಮಾಸ್ಟರ್ ಅಂತಾರೆ ಮಾವ" ಅಂದಿದ್ದ.

ಆ ವರ್ಷ ಆಗಸ್ಟ್‌ನಲ್ಲಿ 'ಬ್ಯಾಟಲ್ ಫಾರ್ ಅಜೆರಾಥ್' ಬಂತು. ಅದರ ಮುನ್ನುಡಿಯಾಗಿ ಕಥೆಗೊಂದು ಅಪ್‌ಡೇಟ್. ಹೋರ್ಡ್‌ನ ನಾಯಕಿ ಸಿಲ್ವಾನಾಸ್, ನೈಟ್ ಎಲ್ಫ್ ಜನರಿದ್ದ ಟೆಲ್ಡ್ರಾಸಿಲ್ ಅನ್ನೋ ಮಹಾಮರಕ್ಕೆ ಬೆಂಕಿ ಹಾಕಿಸ್ತಾಳೆ. ಅಲಯನ್ಸ್ ಕಡೆಯವರಿಗೆ ಒಂದು ಕೆಲಸ: 3 ನಿಮಿಷದಲ್ಲಿ 982 ಜನರನ್ನ ಉಳಿಸಬೇಕು. ಎಷ್ಟು ಓಡಿದ್ರೂ ಆಗಲ್ಲ. ಆಗಬಾರದು ಅಂತಲೇ ಲೆಕ್ಕ ಹಾಕಿಟ್ಟಿದ್ದು. ಹೋರ್ಡ್ ಕಡೆಯವರು ಆ ದಂಡಿನ ಜೊತೆ ಹೋಗಬೇಕು. 'ನಾನು ಬರಲ್ಲ' ಅನ್ನೋ ಬಟನ್ ಇಲ್ಲ. ಮುಂದೆ ಸಿಲ್ವಾನಾಸ್ ಪರವೋ ವಿರುದ್ಧವೋ ಅಂತ ಆರಿಸೋಕೆ ಬಿಟ್ರು. ಏನೇ ಆರಿಸಿದ್ರೂ ಕಥೆಯ ಕೊನೆ ಒಂದೇ. ಮನೆ ಕಳಕೊಂಡ ನೈಟ್ ಎಲ್ಫ್‌ಗಳ ಹೊಸ ಮರ ಚಿಗುರಿದ್ದು 2023ರಲ್ಲಿ.

ಹುಡುಗ ಎರಡು ದಿನ ಮಾತಾಡಲಿಲ್ಲ. ಆಮೇಲೆ ಹೇಳಿದ: "ನನ್ನ ಪಾತ್ರ ಕ್ಯಾಂಪಲ್ಲಿ ಹುಟ್ಟಿದವನು ಮಾವ. ಅವನು ಇನ್ನೊಬ್ಬರ ಊರು ಸುಡೋ ಗುಂಪಲ್ಲಿ ನಿಲ್ಲಲ್ಲ." ಇದನ್ನೇ ಜೊತೆ ಆಡೋರ ಹತ್ರ ಹೇಳಿದ್ದಕ್ಕೆ ಬಂದ ಉತ್ತರ: "ಆರ್ಕ್ ಬುದ್ಧಿನೇ ಅಷ್ಟು, ರಕ್ತದಲ್ಲೇ ಇದೆ."

ರಕ್ತದಲ್ಲೇ ಇದೆ. ಈ ಮಾತು ನಮಗೆ ಹೊಸದಾ?

2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ 7 ಜನರನ್ನ ಜೀವಂತ ಸುಟ್ಟರು. ಆರೋಪಿಗಳು ಖುಲಾಸೆಯಾದ್ರು. ಈ ಹುಡುಗ ಅದನ್ನ ಕೇಳಿಕೊಂಡೇ ಬೆಳೆದವನು. ಗೇಮಿನ ಬೆಂಕಿಯೂ ಆ ಬೆಂಕಿಯೂ ಒಂದೇ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದ್ರೆ ಸತ್ತವರಿಗೆ ಅವಮಾನ. ನಾನು ಹೇಳ್ತಿರೋದು ಇಷ್ಟೇ: ಬೆಂಕಿ ಅಂದ್ರೇನು ಅಂತ ಗೊತ್ತಿರೋ ಮನೆಯ ಹುಡುಗನ ಕೈಗೆ, ಅವನನ್ನ ಕೇಳದೇ ಪಂಜು ಕೊಟ್ರು. ಬರೆದವರಿಗೆ ಅದು ಮುಂದಿನ ಯುದ್ಧಕ್ಕೊಂದು ನೆಪ. ಪಾತ್ರವಾಗಿ ಬದುಕಿದವನಿಗೆ ಅದು ತನ್ನ ಹೆಸರಿಗೆ ಅಂಟಿದ ಪಾಪ.

ಇದೇ ಆಟದ ಇನ್ನೊಂದು ಸಂಗತಿ ಕೇಳಿ. 2002ರಲ್ಲಿ ಬಂದ 'ವಾರ್‌ಕ್ರಾಫ್ಟ್ 3'ರ ಪುಸ್ತಿಕೆಯಲ್ಲಿ ಎರೆಡಾರ್ ಅನ್ನೋ ಜನಾಂಗ ಸಾರ್ಗೆರಾಸ್ ಅನ್ನೋ ದೇವತೆಯನ್ನ ಕೆಡಿಸಿತು ಅಂತಿತ್ತು. 2007ರ ಹೊತ್ತಿಗೆ ಕಥೆ ತಿರುಗಿತು. ಕೆಡಿಸಿದ್ದು ಸಾರ್ಗೆರಾಸ್, ಕೆಟ್ಟದ್ದು ಎರೆಡಾರ್. ಒಂದೇ ಏಟಿಗೆ ಅಪರಾಧಿ ಯಾರು, ಬಲಿಯಾದವರು ಯಾರು ಅನ್ನೋದೇ ಅದಲುಬದಲು. ಪೆನ್ನು ಯಾರ ಕೈಲಿದೆಯೋ ಅವರು ಒಂದು ಇಡೀ ಜನಾಂಗವನ್ನ ರಾಕ್ಷಸರು ಅನ್ನಬಹುದು, ಅಲ್ಲ ಅನ್ನಲೂಬಹುದು.

ನಮ್ಮ ಅಸುರರ ಕಥೆಯೂ ಇದೇ ಅಲ್ವಾ? ಬಲಿಯನ್ನ ಪಾತಾಳಕ್ಕೆ ತುಳಿದವನು ದೇವರಾದ, ತುಳಿಸಿಕೊಂಡವನು ರಾಕ್ಷಸನಾದ. ಜ್ಯೋತಿಬಾ ಫುಲೆ 1873ರ 'ಗುಲಾಮಗಿರಿ'ಯಲ್ಲಿ ಅದನ್ನ ತಿರುಗಿಸಿ ಓದಿ, ಬಲಿ ನಮ್ಮ ನ್ಯಾಯವಂತ ದೊರೆ ಅಂದರು. ದೀಪಾವಳಿಯಲ್ಲಿ ಇವತ್ತಿಗೂ ಬಲೀಂದ್ರನನ್ನ ದೀಪ ಹಚ್ಚಿ ಕರೆಯೋ ನಮ್ಮ ಹಳ್ಳಿಗಳು ಮೇಲಿಂದ ಬಂದ ಅಪ್‌ಡೇಟನ್ನ ಪೂರ್ತಿ ಒಪ್ಪಲೇ ಇಲ್ಲ. 2022ರಲ್ಲಿ ಪಠ್ಯಪುಸ್ತಕ ತಿದ್ದಿದಾಗ ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ವಾಪಸ್ ತಗೊಂಡ್ರು. ನಾನಿಲ್ಲದ ಕಥೆಗೆ ನನ್ನ ಹೆಸರು ಬೇಡ ಅನ್ನೋ ಹಕ್ಕು ಅದು.

"ಕಥೆ ಕಂಪನಿಯದು, ಬೇಡಾದ್ರೆ ಆಟ ಬಿಡು" ಅಂತಾರೆ. ಬೇಡಾದ್ರೆ ಊರು ಬಿಡು ಅನ್ನೋ ದನಿಯೇ ಇದು. ಆ ಲೋಕಕ್ಕೆ ಜೀವ ತುಂಬಿದ್ದು ತಿಂಗಳು ತಿಂಗಳು ದುಡ್ಡು ಕಟ್ಟಿ, ರಾತ್ರಿಯೆಲ್ಲಾ ಕೂತು ಪಾತ್ರ ಕಟ್ಟಿದ ಇವರೇ. ಇವರು ಕೇಳೋದು ತೀರಾ ಕಡಿಮೆ. ನಮ್ಮ ಪಾತ್ರದ ಕೈಲಿ ಹೇಯ ಕೆಲಸ ಮಾಡಿಸೋ ಮೊದಲು ಇಲ್ಲ ಅನ್ನೋಕೆ ದಾರಿ ಇಡಿ. ಒಬ್ಬ ನಾಯಕಿಯ ಪಾಪವನ್ನ ಇಡೀ ಜನಾಂಗದ ಗುಣ ಮಾಡಬೇಡಿ.

ಕೇಳಿದ್ರೆ ಬದಲಾಗುತ್ತೆ. ಇಂಥ ಆಟಗಳಿಗೆಲ್ಲಾ ತಾಯಿಬೇರಿನಂತಿರೋ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದೆಯಲ್ಲ, ಅದನ್ನ ತರೋರು 2020ರಲ್ಲಿ ಒಪ್ಪಿಕೊಂಡ್ರು: ಆರ್ಕ್‌ಗಳನ್ನ ಹುಟ್ಟಾ ಕೆಟ್ಟವರು ಅಂತ ಬರೆದ ರೀತಿ ನಿಜಲೋಕದ ಜನಾಂಗಗಳನ್ನ ಹೀಗಳೆದ ರೀತಿಯನ್ನೇ ಹೋಲುತ್ತೆ ಅಂತ. 2024ರ ಪುಸ್ತಕದಲ್ಲಿ 'ರೇಸ್' ಅನ್ನೋ ಪದವನ್ನೇ ಕೈಬಿಟ್ರು.

ಸಂಗಾತಿ, ಮ್ಯಾನ್‌ಹೋಲ್ ಹೋರಾಟ ಬಿಟ್ಟು ಗೇಮ್ ಆಡೋಣ ಅಂತ ನಾನು ಹೇಳ್ತಿಲ್ಲ. ನಮ್ಮ ಮಕ್ಕಳು ಈಗ ಕಥೆ ಕೇಳ್ತಿರೋದು ಅಲ್ಲಿ. 'ಹುಟ್ಟಿನಿಂದಲೇ ಕೆಟ್ಟವರು' ಅನ್ನೋ ಪಾಠ ಅಲ್ಲೂ ನಡೀತಿದ್ರೆ ನಾವು ನಗ್ತಾ ಕೂರೋಕಾಗಲ್ಲ.

ಹುಡುಗ ಆಟ ಬಿಡಲಿಲ್ಲ. ತನ್ನ ಪಾತ್ರದ ಚರಿತ್ರೆಯ ಕೊನೆಗೆ ಒಂದು ಸಾಲು ಸೇರಿಸಿದ: "ಬೆಂಕಿ ಹಚ್ಚಲು ಕರೆದರು. ಇವನು ಹೋಗಲಿಲ್ಲ." ಅಪ್‌ಡೇಟ್ ಏನೇ ಹೇಳಲಿ, ಅವನ ಕಥೆ ಅದೇ.

ಜೈ ಭೀಮ್.