ಸೋಮವಾರದಿಂದ ಶನಿವಾರದವರೆಗಿನ ಕನ್ನಡ

ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಗಳಲ್ಲಿ ಕನ್ನಡ ಹೇಗಿದೆ ಎಂದು ಊರಿನವರು ಕೇಳಿದರೆ ನಾವು ಒಪ್ಪಿಸುವ ಲೆಕ್ಕವೆಲ್ಲ ಭಾನುವಾರದ್ದು. ಸಂಘದ ವಾರ್ಷಿಕೋತ್ಸವ, ರಾಜ್ಯೋತ್ಸವದ ಸಮೂಹಗಾನ, ಭಜನೆ, ಯಕ್ಷಗಾನ. ಈ ಲೆಕ್ಕ ಸುಳ್ಳಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಡೊಂಬಿವಲಿಯ ಕರ್ನಾಟಕ ಸಂಘ ಶಾಲೆಯನ್ನೇ ಕಟ್ಟಿ ನಡೆಸಿದೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸುಮಾರು 10 ಲಕ್ಷ ಮಂದಿ ಕನ್ನಡವನ್ನು ತಮ್ಮ ತಾಯ್ನುಡಿ ಎಂದು ಬರೆಸಿದ್ದಾರೆ. ಆದರೆ ‘ಮೊನ್ನೆ ಮಂಗಳವಾರ ಮನೆಯಲ್ಲಿ ಯಾವ ಭಾಷೆಯಲ್ಲಿ ಜಗಳವಾಡಿದಿರಿ’ ಎಂದು ಜನಗಣತಿಯವರು ಕೇಳುವುದಿಲ್ಲ. ಭಾಷೆ ಮುಂದಿನ ತಲೆಮಾರಿಗೆ ದಾಟುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಮಂಗಳವಾರವೇ ಎಂಬುದು ನನ್ನ ವಾದ.

ಇಲ್ಲಿನ ವಾರ ಹೇಗಿರುತ್ತದೆಂದು ನಿಮಗೆ ಗೊತ್ತಿರಬಹುದು. ಬೆಳಗಿನ ಲೋಕಲ್ ಹಿಡಿದು ಹೋದವರು ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ನನ್ನಂತೆ ಮನೆಯಲ್ಲೇ ಕೂತು ಅನುವಾದ ಮಾಡುವವರಿಗೂ ಸಂಜೆಯೊಳಗೆ ಕಳಿಸಬೇಕಾದ ಪುಟಗಳಿರುತ್ತವೆ. ಮಗುವಿನ ಶಾಲೆ ಇಂಗ್ಲಿಷಿನದು, ಆಟ ಮರಾಠಿಯದು, ಟಿವಿ ಹಿಂದಿಯದು. ಉಳಿದದ್ದು ಅಜ್ಜಿ. ಎಂಟು ವರ್ಷದ ನನ್ನ ಮಗಳ ಕಿವಿಗೆ ವಾರವಿಡೀ ಬೀಳುವ ಕನ್ನಡದಲ್ಲಿ ಹೆಚ್ಚಿನ ಪಾಲು ವಿಜಯಪುರದ ಕಡೆಯಿಂದ ಬಂದ ನಮ್ಮ ಅವ್ವನದು. ಆ ಸೀಮೆಯಲ್ಲಿ ಅಜ್ಜಿಗೆ ‘ಆಯಿ’ ಎನ್ನುತ್ತಾರೆ. ಮರಾಠಿಯಲ್ಲಿ ಆ ಪದಕ್ಕೆ ತಾಯಿ ಎಂದು ಅರ್ಥ. ಮಗಳು ಮೆಟ್ಟಿಲ ಮೇಲೆ ನಿಂತು ‘ಆಯಿ’ ಎಂದು ಕೂಗಿದಾಗ ಯಾರನ್ನು ಕರೆದಳು ಎಂಬ ಗೊಂದಲ ಕೆಳಗಿನ ಮನೆಯವರಿಗೆ ಇನ್ನೂ ಬಗೆಹರಿದಿಲ್ಲ.

ಹೋದ ವಾರ ಊರಿಂದ ನೆಂಟರು ಬಂದಿದ್ದರು. ಮಗಳು ಪಕ್ಕದ ಮನೆಯ ಹುಡುಗಿಯನ್ನು ಕರೆತಂದು ‘ಇಕಿ ನನ್ನ ಗೆಳತಿ ಅದಾಳ’ ಎಂದಳು. ನೆಂಟರಲ್ಲೊಬ್ಬರಿಗೆ ನಗು ತಡೆಯಲಾಗಲಿಲ್ಲ. ‘ಗೆಳತಿ ಅದಾಳ ಅಂದ್ರ? ಎಲ್ಲಿ ಅದಾಳ?’ ಎಂದರು. ಮಗಳು ಆಮೇಲೆ ಎರಡು ದಿನ ಅವರಿಗೆ ಹಿಂದಿಯಲ್ಲೇ ಉತ್ತರ ಕೊಟ್ಟಳು. ಕನ್ನಡದಲ್ಲಿ ಮಾತಾಡಿದರೆ ನಗುತ್ತಾರೆ, ಹಿಂದಿಯಲ್ಲಿ ಮಾತಾಡಿದರೆ ನಗುವುದಿಲ್ಲ. ಎಂಟು ವರ್ಷದವಳಿಗೆ ಇಷ್ಟು ಲೆಕ್ಕ ತಿಳಿಯದೇ?

ನಾನು ಓದಿದ್ದು ಭಾಷಾಶಾಸ್ತ್ರ. ಆ ವಾಕ್ಯ ಕೇಳಿದಾಗ ನನಗೆ ನೆನಪಾದದ್ದು ಸಾಂಗ್ಲಿ ಜಿಲ್ಲೆಯ ಕುಪವಾಡ. ಕನ್ನಡ, ಮರಾಠಿ, ಉರ್ದುಗಳು ಶತಮಾನಗಳಿಂದ ಒಟ್ಟಿಗೆ ಬಾಳಿದ ಆ ಊರಿನ ಮಾತನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಪದಗಳು ಆಯಾ ಭಾಷೆಯವೇ, ವಾಕ್ಯದ ಕಟ್ಟೋಣ ಮಾತ್ರ ಬಹುಮಟ್ಟಿಗೆ ಒಂದೇ ಆಗಿದೆ ಎಂಬುದು ಅವರು ಕಂಡ ಸಂಗತಿ. ‘ಇದು ನಿಮ್ಮ ಮನೆ’ ಎಂದರೆ ನಮಗೆ ವಾಕ್ಯ ಮುಗಿಯಿತು. ಮರಾಠಿಗೆ ಕೊನೆಯಲ್ಲಿ ‘ಆಹೇ’ ಬೇಕು. ಕುಪವಾಡದ ಕನ್ನಡವೂ ಅಲ್ಲೊಂದು ‘ಐತಿ’ ಸೇರಿಸಿಕೊಂಡಿದೆ. ನನ್ನ ಮಗಳು ಮಾಡಿದ್ದು ಅದನ್ನೇ. ಕುಪವಾಡದವರು ಹಾಗೆ ಬೆರೆಸಿ ಆಡಿದ್ದರಿಂದ ಅಲ್ಲಿ ಕನ್ನಡ ಸಾಯಲಿಲ್ಲ. ಮನೆಯೊಳಗೆ ಅದಕ್ಕೆ ಕೆಲಸವಿತ್ತು, ಉಳಿಯಿತು.

ಡೊಂಬಿವಲಿ ಕುಪವಾಡವಲ್ಲ, ನಿಜ. ಇಲ್ಲಿ ಹೊಲವಿಲ್ಲ, ಕಟ್ಟೆಯಿಲ್ಲ, ಹೊತ್ತಂತೂ ಇಲ್ಲವೇ ಇಲ್ಲ. ಅದಕ್ಕೇ ಕನ್ನಡಕ್ಕೆ ಕೆಲಸವನ್ನು ನಾವಾಗಿಯೇ ಹುಡುಕಿ ಕೊಡಬೇಕು. ಶನಿವಾರ ನೆರೂಲ್‌ನಲ್ಲಿರುವ ಚಿಕ್ಕಮ್ಮನ ಮನೆಗೆ ಹೊರಟಾಗ ಅವ್ವನನ್ನು ಕರೆದೊಯ್ಯುವ ಹೊಣೆ ಮಗಳಿಗೆ ಕೊಟ್ಟೆವು. ನಾವು ನಾಲ್ಕು ಹೆಜ್ಜೆ ಹಿಂದೆ. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯಬೇಕು. ಮೊದಲು ಬಂದದ್ದು ವಾಶಿಯ ಗಾಡಿ. ಅವ್ವ ಹತ್ತಲು ಹೊರಟಳು, ಮಗಳು ಸೆರಗು ಹಿಡಿದು ಎಳೆದಳು. ‘ಬ್ಯಾಡ ಆಯಿ, ಅದು ನೆರೂಲ್‌ಗೆ ಹೋಗಂಗಿಲ್ಲ. ತುರ್ಭೆ ಆದಮ್ಯಾಲ ಹಳಿ ಎರಡು ಆಗತಾವ.’ ‘ಕವಲು ಒಡೀತದ ಅನ್ನು’ ಎಂದಳು ಅವ್ವ. ಪನ್ವೇಲ್ ಗಾಡಿ ಬರುವಷ್ಟರಲ್ಲಿ ಮಗಳು ‘ಕವಲು’ ಎಂಬ ಪದವನ್ನು ನಮ್ಮಿಬ್ಬರಿಗೂ ಹೇಳಿಕೊಟ್ಟಾಗಿತ್ತು.

ನೆಂಟರು ಮಾಡಿದ್ದೂ ತಿದ್ದುಪಡಿ, ಅವ್ವ ಮಾಡಿದ್ದೂ ತಿದ್ದುಪಡಿ. ಅವ್ವನದು ಮಾತು ಬೇಕಾದ ಹೊತ್ತಿಗೆ, ಮಾತು ನಿಲ್ಲದಂತೆ ಬಂತು.

ತಪ್ಪೇ ರೂಢಿಯಾದರೆ ಏನು ಗತಿ ಎಂದು ನೀವು ಕೇಳಬಹುದು. ನನ್ನ ಹೊಟ್ಟೆಪಾಡೇ ಶಿಷ್ಟ ಕನ್ನಡದ ವಾಕ್ಯಗಳಿಂದ ನಡೆಯುವಂಥದ್ದು, ಆದ್ದರಿಂದ ಅದರ ಬೆಲೆ ಗೊತ್ತು. ಅದನ್ನು ಪುಸ್ತಕದಿಂದ, ತರಗತಿಯಿಂದ ಮುಂದೆಯೂ ಕಲಿಯಬಹುದು. ಮಾತಾಡುವ ಮಗುವಿಗೆ ಓದು ಕಲಿಸುವುದು ಸುಲಭ. ಬಾಯಿ ಕಟ್ಟಿದ ಮಗುವಿನ ಕೈಗೆ ಪುಸ್ತಕ ಕೊಟ್ಟು ಫಲವೇನು?

ಭಾನುವಾರದ ಕಾರ್ಯಕ್ರಮಕ್ಕೆ ಖಂಡಿತ ಹೋಗಿ, ಮಕ್ಕಳಿಂದ ಹಾಡಿಸಿ. ಆದರೆ ಅಜ್ಜಿಗೆ ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ಎಂದು ಹೇಳುವ ಕೆಲಸವನ್ನೂ ಅವರಿಗೆ ಕೊಡಿ. ಹಾಲಿನ ಲೆಕ್ಕ ಒಪ್ಪಿಸಲಿ. ಶಾಲೆಯಲ್ಲಿ ನಡೆದ ಜಗಳ ವರದಿ ಮಾಡಲಿ. ಮಧ್ಯದಲ್ಲಿ ಮರಾಠಿ ನುಸುಳಿದರೆ ನುಸುಳಲಿ. ಅಜ್ಜಿಗೆ ತಿಳಿಯದಿದ್ದರೆ ಆಕೆಯೇ ಕೇಳುತ್ತಾಳೆ, ಮಗು ಇನ್ನೊಂದು ಪದ ಹುಡುಕುತ್ತದೆ.